ದೀಪದ ಮೇಲಿನ ಕಪ್ಪು ಟೇಪು

ಗದಗಿನ ಅಡಿವೆಪ್ಪನಿಗೆ ಮಿನುಗುವ ದೀಪ ಕಂಡರೆ ಮೈ ಉರಿಯುತ್ತಿತ್ತು. ಅಮೆರಿಕದ ಪಾರ್ಸಿಪನಿಯ ಅವನ ಅಪಾರ್ಟ್‌ಮೆಂಟಿನಲ್ಲಿ ಮೈಕ್ರೋವೇವ್, ವಿಸಿಆರ್, ಫೋನ್ ಎತ್ತದಿದ್ದಾಗ ಕರೆದವರ ಮಾತು ಹಿಡಿದಿಟ್ಟು ದೀಪ ಮಿನುಗಿಸುವ ಆನ್ಸರಿಂಗ್ ಮಷೀನು, ಎಲ್ಲದರ ದೀಪಕ್ಕೂ ಕಪ್ಪು ಟೇಪು ಅಂಟಿಸಿಬಿಟ್ಟಿದ್ದ. ಕಾರಿನ ಚೆಕ್ ಎಂಜಿನ್ ದೀಪವನ್ನೂ ಬಿಟ್ಟಿರಲಿಲ್ಲ.

"ಮನಶ್ಯಾನ್ನ ಒಂದೀಟು ಸುಮ್ಮನ ಇರಾಕ ಬಿಡಬೇಕು," ಎನ್ನುವುದು ಅವನ ವಾದ. ಹೆಂಡತಿ ಸೌಜನ್ಯಾ ಧಾರವಾಡದವಳು, ನ್ಯೂವಾರ್ಕಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ. ಟೇಪು ನೋಡಿ ಮೊದಮೊದಲು ನಗುತ್ತಿದ್ದಳು, ಆಮೇಲೆ ಅಭ್ಯಾಸವಾಯಿತು.

ಅಂಥವನಿಗೆ ಸಿಕ್ಕಿದ ಕೆಲಸವಾದರೂ ಎಂಥದ್ದು. ಎರಡು ಸಾವಿರದ ಇಸವಿ ಹುಟ್ಟಿದೊಡನೆ ಕಂಪ್ಯೂಟರುಗಳೆಲ್ಲ ಕೆಡುತ್ತವೆಂಬ ವೈಟುಕೆ ಗಲಾಟೆ ಮುಗಿದದ್ದೇ ಕನ್ಸಲ್ಟಿಂಗ್ ಕಂಪನಿ ಅವನನ್ನು ಬ್ಯಾಂಕಿನ ಪ್ರಾಜೆಕ್ಟಿನಿಂದ ಎತ್ತಿ ಒಂದು ಸಣ್ಣ ವಿಡಿಯೋ ಗೇಮ್ ಕಂಪನಿಗೆ ಹಾಕಿತು. ಮುಳುಗುಗಾರನೊಬ್ಬ ಕಡಲಾಳಕ್ಕೆ ಇಳಿಯುವ ಆಟ. ಪರದೆಯ ಮೇಲೆ ಏನೇನು ಕಾಣಬೇಕು ಎಂಬುದು ಅಡಿವೆಪ್ಪನ ಜವಾಬ್ದಾರಿ. ಖಾಲಿ ಪರದೆಯ ತುಂಬ ಆ ನೀಲಿ ನೀರು ಮೊದಲ ಸಲ ಕಂಡ ದಿನ ಅವನು ಊಟ ಮರೆತು ಕೂತಿದ್ದ. ವರ್ಷಗಟ್ಟಲೆ ಬ್ಯಾಂಕಿನ ಖಾನೆಗಳನ್ನು ಜೋಡಿಸಿ ಸಾಕಾಗಿದ್ದವನಿಗೆ ಇದೊಂದಾದರೂ ತಾನು ಅಂದುಕೊಂಡಂತೆ ಹೊರಗೆ ಬರಬೇಕಿತ್ತು.

ಬಿಡುವವರು ಯಾರು? ಮಾರ್ಕೆಟಿಂಗಿನ ಮುಕುಂದ್, ಬೆಂಗಳೂರಿನವನು, ದಿನಕ್ಕೊಂದು ಬೇಡಿಕೆ ಹಿಡಿದು ಬರುತ್ತಿದ್ದ. ಎಡಗಡೆ ಮುಳುಗುಗಾರನ ಸಿಲಿಂಡರಿನಲ್ಲಿ ಗಾಳಿ ಎಷ್ಟು ಉಳಿದಿದೆ ಎನ್ನುವ ಪಟ್ಟಿ, ಬಲಗಡೆ ನಕ್ಷೆ, ಮೇಲೆ ಅಂಕ, ಕೆಳಗೆ ದಾರಿ ತೋರಿಸುವ ಬಾಣ.

"ಪ್ಲೇಯರ್‌ಗೆ ಎಲ್ಲಾ ಇನ್‌ಫರ್ಮೇಶನ್ ಕಣ್ಮುಂದೆ ಇರ್ಬೇಕು ಕಣ್ರೀ."

"ಹಂಗಾರ ಸಮುದ್ರ ಎಲ್ಲಿಡ್ಲಿ? ಟೇಬಲ್ ಕೆಳಗ?"

ಜಗಳ ಹರಿಯಲಿಲ್ಲ. ಬಾಸ್ ಬೇಸತ್ತು, ಇಬ್ಬರ ಆವೃತ್ತಿಯೂ ತಯಾರಾಗಲಿ, ಆಟ ಕೊಳ್ಳುವ ದೊಡ್ಡ ಕಂಪನಿಯವರು ಬಂದಾಗ ಆಡಿ ನೋಡಲಿ, ಅವರು ಒಪ್ಪಿದ್ದೇ ಗಟ್ಟಿ ಎಂದ.

ಅಲ್ಲಿಂದ ಎರಡು ವಾರ ಅಡಿವೆಪ್ಪ ಮನೆಗೆ ಬಂದವನೇ ಹೆಡ್‌ಫೋನ್ ಏರಿಸಿ ಕಂಪ್ಯೂಟರಿನ ಮುಂದೆ ಕೂರುತ್ತಿದ್ದ. ಫೋನು ಹೊಡೆದುಕೊಂಡರೂ ಕೇಳುತ್ತಿರಲಿಲ್ಲ. ಸೌಜನ್ಯಾ ಕೂಡ ಮೊದಲಿನಂತೆ ಗ್ರೋಸರಿ, ಊರ ಸುದ್ದಿ, ಲ್ಯಾಬಿನ ರಗಳೆ ಅಂತ ತಲೆ ತಿನ್ನುತ್ತಿರಲಿಲ್ಲ. ತಟ್ಟೆ ಇಟ್ಟು ಹೋಗುತ್ತಿದ್ದಳು. ಅಂತೂ ಇವಳಿಗೆ ನನ್ನ ಕೆಲಸದ ಬೆಲೆ ತಿಳಿಯಿತು ಎಂದು ಮಹಾಶಯ ಒಳಗೊಳಗೇ ಖುಷಿಪಟ್ಟ.

ಸೋಮವಾರ ಆ ದೊಡ್ಡ ಕಂಪನಿಯಿಂದ ಬಂದ ಹೆಂಗಸು ಮೊದಲು, ಪಟ್ಟಿ ಬಾಣ ಒಂದೂ ಇಲ್ಲದ ಅಡಿವೆಪ್ಪನ ಕಡಲಿಗೇ ಇಳಿದಳು. ಹವಳದ ಸಂದಿಯಲ್ಲಿ ನುಸುಳಿ ಮೀನುಗಳ ಹಿಂದೆ ಹೋಗಿ ಮುಗುಳ್ನಕ್ಕಳು. ಅಡಿವೆಪ್ಪನ ಎದೆ ಉಬ್ಬಿತು. ಅಷ್ಟರಲ್ಲಿ ಪರದೆ ಕಪ್ಪಾಯಿತು. ಗಾಳಿ ಮುಗಿದು ಮುಳುಗುಗಾರ ಸತ್ತಿದ್ದ. ಮತ್ತೆ ಇಳಿದಳು, ಮತ್ತೆ ಸತ್ತ. ಅಡಿವೆಪ್ಪ ಆಡುವಾಗ ಮುಳುಗುಗಾರ ಒಮ್ಮೆಯೂ ಸತ್ತಿರಲಿಲ್ಲ, ಗಾಳಿ ಎಲ್ಲಿಯ ತನಕ ಬರುತ್ತದೆಂಬುದು ಮಾಡಿದವನಿಗೆ ಬಾಯಿಪಾಠ. ಗಾಳಿ ಮುಗಿಯುತ್ತಿದೆಯೆಂದು ಮೊದಲೇ ನನಗೇಕೆ ತಿಳಿಸಲಿಲ್ಲ ಎಂದು ಅವಳು ಬೇಸರದಿಂದ ಎದ್ದಳು. ಊಟದ ಹೊತ್ತಿಗೆ ಮುಕುಂದನದು ಒಪ್ಪಿಗೆಯಾಗಿತ್ತು.

ಅಡಿವೆಪ್ಪನ ಸಿಟ್ಟೆಲ್ಲ ಹರಿದದ್ದು ಆಟವನ್ನು ಆಡಿ ಪರೀಕ್ಷಿಸುವ ಮೈಸೂರಿನ ಹುಡುಗ ರಾಜ್ ಮೇಲೆ.

"ಇಷ್ಟು ದಿನ ಆಡೀದಿ. ಹಿಂಗ ಸಾಯ್ತಾರಂತ ಒಂದ್ ಮಾತು ಹೇಳಬಾರದೇನಪಾ?"

"ಹೇಳಿದ್ನಲ್ಲ ಸರ್. ಫ್ರೈಡೇ ನೀವು ಹೊರಟ ಮೇಲೆ ಗೊತ್ತಾಯ್ತು. ಮನೆಗೆ ಫೋನ್ ಮಾಡಿ ಮೆಸೇಜ್ ಬಿಟ್ಟಿದ್ದೆ."

ಅಡಿವೆಪ್ಪ ಮನೆಗೆ ಬಂದು ಬೂಟು ಕೂಡ ಬಿಚ್ಚದೆ ಆನ್ಸರಿಂಗ್ ಮಷೀನಿನ ಮೇಲಿನ ಕಪ್ಪು ಟೇಪು ಕಿತ್ತ. ಕೆಂಪು ದೀಪ ತನ್ನ ಪಾಡಿಗೆ ಮಿನುಗುತ್ತಿತ್ತು. ಗುಂಡಿ ಒತ್ತಿದ.

ಮೊದಲು ಬಂದದ್ದು ಸೌಜನ್ಯಾಳ ದನಿ. "ರೀ, ಸ್ನೋ ಭಾಳ ಬೀಳಾಕತ್ತೈತಿ. ಬಸ್ ಹೈವೇ ಮ್ಯಾಲೇ ಇಳಿಸಿ ಹೋತು. ಗ್ಯಾಸ್ ಸ್ಟೇಷನ್ನಿಂದ ಮಾತಾಡಾಕತ್ತೀನಿ. ಕಾರ್ ತಗೊಂಡು ಬರ್ರಿ." ಅದರ ಬೆನ್ನಿಗೇ ಇನ್ನೊಂದು: "ರೀ, ಇನ್ನೂ ಹೊಂಟಿಲ್ಲೇನು?" ಕೊನೆಗೆ ರಾಜ್: "ಸರ್, ಪಟ್ಟಿ ಗಿಟ್ಟಿ ಏನೂ ಬೇಡ. ಗಾಳಿ ಮುಗೀತಾ ಬಂದಾಗ ಅವನ ಉಸಿರಿನ ಸದ್ದು ಜೋರು ಮಾಡಿ, ಅಷ್ಟು ಸಾಕು."

ಅಡಿವೆಪ್ಪ ರಾಜ್ ಹೇಳಿದ್ದನ್ನು ಪೂರ್ತಿ ಕೇಳಲೇ ಇಲ್ಲ. ಎರಡು ವಾರದ ಹಿಂದೆ, ಆ ಸ್ನೋ ಬಿದ್ದ ಸಂಜೆ, ಸೌಜನ್ಯಾ ಮೊಣಕಾಲ ತನಕ ಒದ್ದೆಯಾಗಿ ಒಳಗೆ ಬಂದಿದ್ದಳು. ಅವನು ಹೆಡ್‌ಫೋನಿನ ಒಂದು ಕಿವಿ ಸರಿಸಿ, ಬಾಗಿಲು ಹಾಕು, ಥಂಡಿ ಬರ್ತೈತಿ ಎಂದಿದ್ದ. ಅದು ನೆನಪಾಗಿ ಅವನಿಗೆ ನಾಚಿಕೆಯಾಯಿತು.

ಸೌಜನ್ಯಾ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ಈಗ ಕೇಳಿದ್ರೇನು?" ಎಂದಳು. "ನಾ, ಅವತ್ತ ಮನ್ಯಾಗ ಇದ್ದು ನನ್ನ ದನಿ ಕೇಳೀನೂ ಬರಲಿಲ್ಲ ನೀವು ಅಂತ ತಿಳ್ಕೊಂಡಿದ್ದೆ."

ಮನೆಯೊಳಗಿನ ಎರಡು ವಾರದ ನೆಮ್ಮದಿ ಎಂಥದ್ದೆಂದು ಅವನಿಗೆ ಆಗ ಅರ್ಥವಾಯಿತು.

"ಮತ್ತ ಜಗಳಾನಾದ್ರೂ ಆಡಬೇಕಿಲ್ಲ? ಯಾಕ ಒಂದ್ ಮಾತೂ ಆಡಲಿಲ್ಲ ನೀ?"

"ನಿಮ್ಮನ್ನ ಸುಮ್ಮನ ಇರಾಕ ಬಿಡಬೇಕಲ್ಲ," ಎಂದು ಅವಳು ಒಳಗೆ ಹೋದಳು.