ಜರ್ಮನ್ ಟಿಲ್ಲರಿನ ಮೇಸ್ತ್ರಿ

ಕೆಲಸಕ್ಕೆ ಕೈಹಾಕುವ ಮೊದಲು ಅವಳು ಚಿನ್ನದ ಬಳೆಗಳನ್ನೆಲ್ಲ ಮೊಣಕೈವರೆಗೆ ಏರಿಸಿ, ಸೈಕಲ್ ಟ್ಯೂಬಿನಿಂದ ಕತ್ತರಿಸಿದ ರಬ್ಬರ್ ಪಟ್ಟಿ ಹಾಕಿ ನಿಲ್ಲಿಸುತ್ತಿದ್ದಳು. ಅದರ ಕೆಳಗೆ ಮುಂಗೈ, ಬೆರಳು, ಉಗುರಿನ ಸಂದು ಎಲ್ಲ ಕಪ್ಪು ಗ್ರೀಸು. ನಾನೋ ಮದುವೆಯಾದಂದಿನಿಂದ ದಿನಕ್ಕೆರಡು ಸಲ ಹ್ಯಾಂಡ್ ಲೋಷನ್ ಹಚ್ಚಿಕೊಂಡು ಬಂದವಳು. ನನ್ನ ಗಂಡ ನನ್ನ ಕೈಯ ಬಗ್ಗೆ ಒಂದು ಮಾತಾಡಿದ್ದು ನೆನಪಿಲ್ಲ. ಅವಳ ಕೈ ನೋಡಿ ಮಾತ್ರ, "ವಾಟ್ ಹ್ಯಾಂಡ್ಸ್! ನೋಡಿದ್ಯಾ?" ಎಂದು ನನ್ನನ್ನೇ ಕೇಳಿದ್ದರು.

ಅವಳು ಉಳ್ಳಾಲದ ಕಡೆಯ ಬ್ಯಾರಿ ಹೆಂಗಸು. ಗಂಡ ತೀರಿಕೊಂಡ ಮೇಲೆ ಬಹ್ರೈನಿನ ಸಿತ್ರಾದಲ್ಲಿದ್ದ ಅವನ ಗ್ಯಾರೇಜನ್ನು ತಾನೇ ನಡೆಸಿದಳು. ನಮ್ಮ ಕಡೆಯವರಿಗೆಲ್ಲ ಅವಳು ಗ್ಯಾರೇಜ್ ಆಂಟಿ. ನನಗಿಂತ ಹದಿನೈದು ವರ್ಷ ಚಿಕ್ಕವಳನ್ನು ನಾನು ಹೇಗೆ ಆಂಟಿ ಎನ್ನಲಿ? ನನ್ನವರು ಮೇಸ್ತ್ರಿ ಎನ್ನುತ್ತಿದ್ದರು. ನನಗೆ ಅಂಥದೊಂದು ಬಿರುದನ್ನು ಅವರು ಯಾವತ್ತೂ ಕೊಡಲಿಲ್ಲ.

ನನ್ನವರು ಇಂಜಿನಿಯರ್. ರಿಟೈರ್ ಆದ ಮೇಲೆ ಮಗಳ ಜೊತೆ ನಾವು ಬಹ್ರೈನಿನಲ್ಲೇ ಉಳಿದೆವು. ಆಗ ಅವರಿಗೆ ಹಿಡಿದ ಗೀಳು, ಜರ್ಮನಿಯ ಮೊದಮೊದಲ ಮೋಟಾರು ಟಿಲ್ಲರುಗಳ ಚರಿತ್ರೆ ಬರೆಯುವುದು. ತೋಟದ ಮಣ್ಣು ಸಡಿಲ ಮಾಡುವ ಯಂತ್ರಕ್ಕೂ ಹಿಸ್ಟರಿಯೇ ಎಂದು ನಾನು ನಗುತ್ತಿದ್ದೆ. "ನೇಗಿಲು ಮಣ್ಣನ್ನು ಮಗುಚ್ತದೆ, ಕೋಳಿ ಕೆದಕ್ತದೆ. ಒಬ್ಬ ಸ್ವಿಸ್ ಮನುಷ್ಯ ಕೋಳಿಯ ಹಾಗೆ ಯೋಚನೆ ಮಾಡಿದ, ಜರ್ಮನಿಯ ಕಂಪನಿ ಅದಕ್ಕೆ ಮೋಟಾರು ಕೂರಿಸಿತು" ಎಂದು ಊಟದ ಮೇಜಿನಲ್ಲಿ ಶುರುಮಾಡುವರು. ಮೊದಮೊದಲು ಕೆಲವು ಯಂತ್ರಗಳಿಗೆ ಕರೆಂಟಿನ ಮೋಟಾರಂತೆ. ಉದ್ದದ ವೈರು ಗದ್ದೆಯುದ್ದಕ್ಕೂ ಬಾಲದ ಹಾಗೆ ಎಳೆದುಕೊಂಡು ಹೋಗಬೇಕಂತೆ. ಪೆಟ್ರೋಲಿನ ಚಿಕ್ಕ ಟಿಲ್ಲರು ಬಂದ ಮೇಲೆಯೇ ತರಕಾರಿ ಬೆಳೆಯುವವರ ಬೆನ್ನು ನೆಟ್ಟಗಾದದ್ದಂತೆ. ನನ್ನ ಬರ್ತ್‌ಡೇ ಮರೆಯುವ ಮನುಷ್ಯನಿಗೆ ಇದೆಲ್ಲ ಬಾಯಿಪಾಠ.

ಬುದೈಯಾದ ಖರ್ಜೂರದ ತೋಟವೊಂದರ ಶೆಡ್ಡಿನಲ್ಲಿ ಅಂಥದೇ ಒಂದು ಹಳೆಯ ಯಂತ್ರ ತುಕ್ಕು ಹಿಡಿದು ಬಿದ್ದಿತ್ತು. ತೋಟದ ಅರಬ್ ಯಜಮಾನ ಸಲಾಂ ಹೇಳಿ ಕೊಟ್ಟೇಬಿಟ್ಟ. ಅದು ನೇರ ಅವಳ ಗ್ಯಾರೇಜಿಗೆ ಹೋಯಿತು. ನನ್ನ ಶುಕ್ರವಾರಗಳೂ ಅದರ ಹಿಂದೆಯೇ ಹೋದವು.

ಅವಳು ಸ್ಪ್ಯಾನರಿನ ಒಂದು ತುದಿಯನ್ನು ಇಂಜಿನಿಗೆ ಒತ್ತಿ, ಇನ್ನೊಂದು ತುದಿಗೆ ಕಿವಿ ಕೊಟ್ಟು ಕಣ್ಣು ಮುಚ್ಚುವಳು. "ಶ್ಶ್, ಸರ್. ಅದು ಮಾತಾಡುವಾಗ ನೀವು ಮಾತಾಡ್ಬೇಡಿ" ಎನ್ನುವಳು. ನಾನು ಹಾಗೆ ಹೇಳಿದ್ದರೆ ಮನೆಯಲ್ಲಿ ಎರಡು ದಿನ ಮೌನ. ಅವಳು ಹೇಳಿದರೆ ಇವರು ಕ್ಲಾಸಿನ ಹುಡುಗನ ಹಾಗೆ ಕೈಕಟ್ಟಿ ನಿಲ್ಲುವರು.

ನನ್ನ ಪಾಲಿಗೆ ಉಳಿದದ್ದು ಆ ಯಂತ್ರದ ಟೂಲ್‌ಬಾಕ್ಸಿನಲ್ಲಿ ಸಿಕ್ಕ ಜರ್ಮನ್ ಕೈಪಿಡಿ. ಮಂಗಳೂರಿನ ಕಾನ್ವೆಂಟಿನಲ್ಲಿ ಒಬ್ಬ ಮುದುಕಿ ಜರ್ಮನ್ ಸಿಸ್ಟರ್ ಪ್ರೀತಿಯಿಂದ ನನಗೆ ಆ ಭಾಷೆ ಕಲಿಸಿದ್ದರು. ಮಧ್ಯಾಹ್ನದ ಊಟ ಮುಗಿಸಿ ಡಿಕ್ಷನರಿ ಹಿಡಿದು ಕೂತರೆ ನನ್ನವರು ಪಕ್ಕದಲ್ಲೇ ಕುರ್ಚಿ ಎಳೆದುಕೊಳ್ಳುವರು. "ಸ್ಲೋಲಿ, ಸ್ಲೋಲಿ" ಎನ್ನುವರು. ನಾನು ಕನ್ನಡಕ್ಕಿಳಿಸಿ ಬರೆದ ಕಾಗದವನ್ನು ಗ್ಯಾರೇಜಿನಲ್ಲಿ ಅವಳಿಗೆ ಓದಿ ಹೇಳುವರು. ಆ ಮೂರು ವಾರ ಅವರು ನನ್ನವರಾಗಿದ್ದರು.

ಒಂದು ದಿನ ಗ್ಯಾರೇಜಿನಿಂದ ಬಂದವರೇ, "ಪುಸ್ತಕವೆಲ್ಲ ಸುಮ್ಮನೆ ಫಾರ್ಮಾಲಿಟಿ. ಮೇಸ್ತ್ರಿ ಕೈಯಲ್ಲೇ ಓದ್ತಾಳೆ. ಈವರೆಗೆ ಒಂದೂ ತಪ್ಪಿಲ್ಲ" ಎಂದು ನಕ್ಕರು. ಅಂದು ಪಕ್ಕದಲ್ಲಿ ಕೂರಲೂ ಇಲ್ಲ. ಒಳಗೆ ಹೋಗಿ ಮಲಗಿದರು.

ನಾನೊಬ್ಬಳೇ ಬರೆಯತೊಡಗಿದೆ. ಮಣ್ಣು ಕೆದಕುವ ಉಕ್ಕಿನ ಕೊಕ್ಕೆಗಳ ಪುಟ. 'ಕೊಕ್ಕೆ ತನ್ನ ಜಾಗದಲ್ಲಿ ಸ್ವಲ್ಪ ಅಲ್ಲಾಡುತ್ತಿರಬೇಕು, ಬಿಗಿಯಬಾರದು. ಕಲ್ಲು ಎದುರಾದರೆ ಹಿಂದೆ ಸರಿಯಲು ಅದಕ್ಕೆ ಎಡೆ ಬೇಕು' ಎಂದಿತ್ತು. ಅರ್ಥ ಸ್ಪಷ್ಟವಾಗಿಯೇ ಆಗಿತ್ತು. ನಾನು ಅದನ್ನು ಬರೆಯದೆ ಬಿಟ್ಟೆ. ಒಂದೇ ಒಂದು ಸಲ ಅವಳು ಇವರೆದುರು ತಪ್ಪಲಿ. ಅಷ್ಟೇ ನನಗೆ ಬೇಕಾಗಿದ್ದದ್ದು.

ಶುಕ್ರವಾರ ಬೆಳಿಗ್ಗೆ ಗ್ಯಾರೇಜಿನ ಹಿಂದಿನ ಖಾಲಿ ಜಾಗದಲ್ಲಿ ಟ್ರಯಲ್. ಟಿಲ್ಲರು ಕೆಮ್ಮಿ, ಹೊಗೆ ಬಿಟ್ಟು ಹೊರಟಾಗ ನನ್ನವರು ಚಪ್ಪಾಳೆ ತಟ್ಟಿದರು. ಹತ್ತು ಹೆಜ್ಜೆ ಹೋಗಿರಬೇಕು, ಕೆಳಗೊಂದು ಕಲ್ಲು. ಠಣ್ ಎಂದಿತು. ಮುರಿದ ಕೊಕ್ಕೆಯ ತುಂಡು ಹಿಂದಕ್ಕೆ ಹಾರಿ, ಹಿಡಿಕೆಯ ಮೇಲಿದ್ದ ಅವಳ ಎಡಗೈ ಸೀಳಿತು.

ಸಲ್ಮಾನಿಯಾ ಆಸ್ಪತ್ರೆಗೆ ಹೋಗುವಷ್ಟು ದೂರವೂ ನನ್ನ ದುಪಟ್ಟಾದಿಂದ ಆ ಕೈಯನ್ನು ಒತ್ತಿ ಹಿಡಿದಿದ್ದೆ. ಹೊಲಿಗೆ ಹಾಕಿ ಆದಮೇಲೆ ಇವರು ಔಷಧಿ ತರಲು ಹೋದರು. ಅವಳು ಮೆಲ್ಲಗೆ ಹೇಳಿದಳು:

"ಮೇಡಂ, ಪುಸ್ತಕದಲ್ಲಿ ಕೊಕ್ಕೆಯ ಚಿತ್ರ ಉಂಟಲ್ಲ, ಅದರ ಅಡಿಯಲ್ಲಿ ಐದು ಸಾಲು ಇತ್ತು. ನಿಮ್ಮ ಕಾಗದದಲ್ಲಿ ಎರಡೇ."

"ಜರ್ಮನ್ ಸೆಂಟೆನ್ಸ್ ಹಾಗೇ, ಉದ್ದ..." ಎಂದೆ.

"ಹೌದಾ?" ಎಂದಳು. "ನನಗೆ ಓದ್ಲಿಕ್ಕೆ ಬರುದಿಲ್ಲ. ಎಣಿಸ್ಲಿಕ್ಕೆ ಬರ್ತದೆ."

ಅಷ್ಟರಲ್ಲಿ ನನ್ನವರು ಬಂದರು. "ಹೇಗಾಯ್ತು ಮೇಸ್ತ್ರಿ? ಪುಸ್ತಕದಲ್ಲಿ ಏನಾದ್ರೂ ಇತ್ತಾ?" ಎಂದು ನನ್ನ ಕಡೆ ನೋಡಿದರು. ನಾನು ರಕ್ತವಾಗಿದ್ದ ದುಪಟ್ಟಾ ಮಡಚತೊಡಗಿದೆ.

"ಪುಸ್ತಕ ಎಂತ ಮಾಡ್ತದೆ ಸರ್?" ಅವಳೇ ಹೇಳಿದಳು. "ಅಲ್ಲಾಡ್ತಾ ಇತ್ತು, ನಾನೇ ಬಿಗಿ ಮಾಡಿದೆ. ತಪ್ಪು ನನ್ನದು. ಖಲಾಸ್."

ಮನೆಗೆ ಬರುವ ದಾರಿಯಲ್ಲಿ ಇವರು, "ತಪ್ಪನ್ನು ಹೀಗೆ ನೇರವಾಗಿ ಒಪ್ಪಿಕೊಳ್ಳುವ ಇನ್ನೊಬ್ಬರನ್ನು ನಾನು ನೋಡಿಲ್ಲ. ಗ್ರೇಟ್ ಲೇಡಿ" ಎಂದರು. ನಾನು ಬಯಸಿದ ತಪ್ಪನ್ನು ಅವಳೇ ಹೊತ್ತುಕೊಂಡಳು, ಹೊತ್ತು ಇನ್ನೂ ಎತ್ತರವಾದಳು. ಅಂದು ನನಗೆ ನಾಚಿಕೆಗಿಂತ ಹೊಟ್ಟೆಕಿಚ್ಚೇ ಹೆಚ್ಚಾಗಿತ್ತು, ಸುಳ್ಳು ಯಾಕೆ ಹೇಳಲಿ?

ಅವಳ ಎರಡು ಬೆರಳು ಆಮೇಲೆ ಪೂರ್ತಿ ಮಡಚಲಿಲ್ಲ. ಆದರೂ ಈದ್ ದಿನ ನಮ್ಮ ಮನೆಗೆ ಅವಳು ತಟ್ಟಿದ ಅಕ್ಕಿರೊಟ್ಟಿ, ಪತ್ತಿರ್, ಬರುವುದು ನಿಲ್ಲಲಿಲ್ಲ. "ಮೇಡಂಗೆ ತೆಳು ಇದ್ದರೆ ಇಷ್ಟ" ಎಂದು ನನ್ನ ಪಾಲನ್ನು ಬೇರೆಯೇ ಕಟ್ಟಿರುತ್ತಿದ್ದಳು. ನಾನು ಆ ವಿಷಯ ಎತ್ತಲಿಲ್ಲ. ಅವಳೂ ಎತ್ತಲಿಲ್ಲ. ಈ ವರ್ಷದ ಬೇಸಿಗೆಯಲ್ಲಿ, ಗ್ಯಾರೇಜಿನಲ್ಲೇ, ಎದೆನೋವು ಎಂದು ಕೂತವಳು ಏಳಲಿಲ್ಲ.

ಕಳೆದ ವಾರ ನನ್ನವರು ತಮ್ಮ ಪುಸ್ತಕದ ಕೊನೆಯ ಅಧ್ಯಾಯ ಹೇಳುತ್ತಿದ್ದರು, ನಾನು ಟೈಪ್ ಮಾಡುತ್ತಿದ್ದೆ. "ನಮ್ಮ ಮೇಸ್ತ್ರಿಯ ತಪ್ಪಿನಿಂದ ಕೊಕ್ಕೆ ಮುರಿಯಿತು" ಎಂಬಲ್ಲಿ ನನ್ನ ಬೆರಳು ನಿಂತಿತು.

"ತಪ್ಪು ಅವಳದಲ್ಲ" ಎಂದೆ. "ಬಿಗಿಯಬಾರದು ಎಂದು ಆ ಜರ್ಮನ್ ಪುಸ್ತಕದಲ್ಲೇ ಇತ್ತು. ನಾನು ಬೇಕೆಂದೇ ಬಿಟ್ಟೆ."

ಅವರು ಯಾಕೆ ಎಂದು ಕೇಳಲಿಲ್ಲ. "ಅವಳಿಗೆ ಗೊತ್ತಿತ್ತಾ?" ಎಂದರು.

"ಗೊತ್ತಿತ್ತು."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಅತ್ತರು. ಇಷ್ಟು ವರ್ಷದ ದಾಂಪತ್ಯದಲ್ಲಿ ಅವರು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಆ ಅಳುವಿನಲ್ಲಿ ನನ್ನ ಪಾಲು ಎಷ್ಟು ಎಂದು ಆಗಲೂ ಹುಡುಕುತ್ತ, ಆ ಸಾಲನ್ನು ಅಳಿಸಿ, 'ಅನುವಾದಕಿಯ ತಪ್ಪಿನಿಂದ' ಎಂದು ಟೈಪ್ ಮಾಡಿದೆ.