ನಾನು ಅಳಿಸಿದ ಗುಡ್ಡ

ಹಳೆಯ ಸರ್ವೆ ನಕ್ಷೆಗಳನ್ನು ಕಂಪ್ಯೂಟರಿಗೆ ಇಳಿಸುವುದು ಸಿಡ್ನಿಯಲ್ಲಿ ನನ್ನ ಕೆಲಸ. ದೇಶದ ನಡುವಿನ ಮರುಭೂಮಿಯ ಒಂದು ಬೆಟ್ಟಸಾಲು ಎರಡು ಹಾಳೆಗಳಲ್ಲಿತ್ತು. ಹಿಂದೆ ಒಂಟೆಗಳ ಮೇಲೆ ಹೋದ ಸರ್ವೆ ತಂಡ ದಿಕ್ಸೂಚಿ ಹಿಡಿದು ಬರೆದದ್ದು. ಹಾಳೆಗಳ ಅಂಚು ಕೂಡಿಸಿದಾಗ ಚೂಪುತಲೆಯ ಗುಡ್ಡವೊಂದು ಎರಡು ಸಲ ಬಂತು. ಅಲ್ಲಿನ ಕಲ್ಲಿನಲ್ಲಿ ಕಬ್ಬಿಣ ಹೆಚ್ಚು. ದಿಕ್ಸೂಚಿಯ ಮುಳ್ಳು ಅತ್ತ ವಾಲಿ ಒಂದೇ ಗುಡ್ಡ ಎರಡು ಕಡೆ ಬೀಳುವುದುಂಟು. ಇದೂ ಹಾಗೇ ಎಂದುಕೊಂಡು ಪಶ್ಚಿಮದ್ದನ್ನು ಅಳಿಸಿದೆ. ಉಪಗ್ರಹದ ಚಿತ್ರ ತೆರೆದು ನೋಡಲಿಲ್ಲ.

ಎರಡು ವರ್ಷದ ಮೇಲೆ ಮೆಲ್ಬರ್ನಿನಿಂದ ವಯಸ್ಸಾದ ಮಹಿಳೆಯೊಬ್ಬರು ಪತ್ರ ಬರೆದರು. ಅವರ ಅಜ್ಜ ಆ ತಂಡದಲ್ಲಿ ಒಂಟೆ ನಡೆಸುತ್ತಿದ್ದವರು, ದಾರಿಯಲ್ಲೇ ತೀರಿಕೊಂಡವರು. ‘ಚೂಪುಗುಡ್ಡದ ಬುಡದಲ್ಲಿ ಹೂಳಿದೆವು’ ಎಂದು ತಂಡದ ನೋಟ್‌ಬುಕ್ಕಿನಲ್ಲಿದೆಯಂತೆ. ನನ್ನ ನಕ್ಷೆ ನೋಡಿ ಪ್ರಯಾಣ ಬುಕ್ ಮಾಡಿದ್ದರು. ಥ್ಯಾಂಕ್ಸ್ ಹೇಳಲೆಂದೇ ಪತ್ರ.

ಆಗ ಉಪಗ್ರಹದ ಚಿತ್ರ ತೆರೆದೆ. ಚೂಪುಗುಡ್ಡಗಳು ಎರಡಿದ್ದವು.

ಸಿಡ್ನಿಯ ಎಪ್ಪಿಂಗಿನ ನಮ್ಮ ಅಡುಗೆಮನೆಯಲ್ಲಿ ಇದನ್ನು ಕೇಳಿ ಧಾರವಾಡದ ನನ್ನ ಗಂಡ ನಕ್ಕ. “ಮಂದಿ ಕೆರಿ ನುಂಗ್ತಾರ, ನೀ ಗುಡ್ಡಾನ ನುಂಗಿಯಲ್ಲ!”

“ನಗಬ್ಯಾಡ್ರಿ. ಆ ಅಜ್ಜಿ ಈಗ ಯಾವ ಗುಡ್ಡಕ್ಕ ಹೋಗ್ಬೇಕು?”

ಅವನ ನಗು ನಿಂತಿತು. “ಫೋನ್‌ನ್ಯಾಗ ಹೇಳೂ ಮಾತಲ್ಲ ಇದು. ಹೋಗಿ ಬಾ.”

ಶನಿವಾರ ಮೆಲ್ಬರ್ನಿಗೆ ಹೋದೆ. ಅವರ ಊಟದ ಮೇಜಿನ ಮೇಲೆ ನಕ್ಷೆ ಹಾಸಿ, ಮಾಡಿದ್ದನ್ನು ಹೇಳಿದೆ. ಅವರು ಬಯ್ಯಲಿಲ್ಲ. ನೋಟ್‌ಬುಕ್ಕಿನ ಪ್ರತಿ ತಂದಿಟ್ಟರು. ಮೂರು ಜಾಗಗಳಿಂದ ಆ ಚೂಪುಗುಡ್ಡ ಕಂಡ ದಿಕ್ಕುಗಳು ಅಲ್ಲಿದ್ದವು, ಅವನ್ನು ನಕ್ಷೆಯ ಮೇಲೆ ಪೆನ್ಸಿಲಿನಲ್ಲಿ ಎಳೆದೆ. ಗೆರೆಗಳು ಒಂದು ಬಿಂದುವಿನಲ್ಲಿ ಸೇರಲಿಲ್ಲ, ತ್ರಿಕೋನವಾಯಿತು. ಎರಡೂ ಗುಡ್ಡ ಅದರೊಳಗೇ ಇದ್ದವು. ಮತ್ತೆ ಎಳೆದೆ. ಅದೇ.

“ಎರಡನ್ನೂ ಸುತ್ತಲು ನನ್ನ ಕಾಲು ಕೇಳುವುದಿಲ್ಲ,” ಎಂದರು. “ಒಂದನ್ನು ಹೇಳಿ.”

“ನನಗೆ ಗೊತ್ತಾಗುತ್ತಿಲ್ಲ.”

“ಅಳಿಸುವಾಗ ಗೊತ್ತಿತ್ತಲ್ಲ?”

ಗೊತ್ತಿತ್ತೆಂದೇ ಅಂದುಕೊಂಡಿದ್ದೆ. ಯಾವುದರಿಂದ ಗೊತ್ತಿತ್ತು ಎಂದು ಈಗಲೂ ನೆನಪಿಗೆ ಬರುವುದಿಲ್ಲ. ಅಳಿಸಿದ ಗುಡ್ಡವನ್ನು ಅದರ ಜಾಗದಲ್ಲಿ ಬರೆದೆ, ಪಕ್ಕದಲ್ಲಿ ಪ್ರಶ್ನೆಚಿಹ್ನೆ ಹಾಕಿದೆ. ಆಮೇಲೆ ಪೂರ್ವದ್ದರ ಪಕ್ಕದಲ್ಲೂ ಹಾಕಿದೆ.

ಅವರು ಎರಡು ಗುಡ್ಡಗಳ ನಡುವೆ ಬೆರಳಿಟ್ಟರು. “ನಡುವೆ ಬಯಲಿದೆಯಲ್ಲ. ಅಲ್ಲಿಗೆ ಗಾಡಿ ಹೋಗುತ್ತದೆಯೇ?”

“ಹೋಗುತ್ತದೆ.”

“ಎರಡೂ ಕಾಣುತ್ತವೆಯೇ?”

“ಕಾಣಬೇಕು.”

“ಹಾಗಾದರೆ ಅಲ್ಲಿ ಒಂದು ಗುರುತು ಹಾಕಿ. ಅಲ್ಲೇ ಕುರ್ಚಿ ಹಾಕಿಕೊಂಡು ಕೂರುತ್ತೇನೆ.”

ಹಾಕಿದೆ. ಪೆನ್ಸಿಲ್ ಜಾರಿ ಗುರುತು ಕೂದಲೆಳೆಯಷ್ಟು ಪೂರ್ವಕ್ಕೆ ಬಿತ್ತು. ರಬ್ಬರ್ ತೆಗೆದುಕೊಂಡೆ, ಅವರು ನನ್ನ ಕೈ ಹಿಡಿದರು.