ಒಂದು ಕ್ರಿಯಾಪದ ಉಳಿಸಿದ ಖೋಲಿ

ಸವದತ್ತಿಯ ನಮ್ಮ ಮನೆಯ ಮುಂದಿನ ಖೋಲಿಯನ್ನು ಮಾವನವರು ಗೋವಾದ ಕ್ರಿಶ್ಚನ್ ಸರ್ವೇಯರರೊಬ್ಬರಿಗೆ ಬಾಡಿಗೆಗೆ ಕೊಟ್ಟಾಗ ನಾನು ಮದುವೆಯಾಗಿ ಬಂದು ಎರಡು ವರ್ಷವಾಗಿತ್ತು. ನವಿಲುತೀರ್ಥದಲ್ಲಿ ಅಣೆಕಟ್ಟಿಗೆಂದು ಅಳತೆ ನಡೆದಿತ್ತು. ಊರಲ್ಲಿ ಮತ್ಯಾರೂ ಅವರಿಗೆ ಖೋಲಿ ಕೊಡಲು ಒಪ್ಪಿರಲಿಲ್ಲ. ಮೂರನೆಯ ವಾರ ಅತ್ತೆಯವರ ಕಣ್ಣಿಗೆ ಕಿಟಕಿಯಲ್ಲಿದ್ದ ಒಣಮೀನಿನ ಡಬ್ಬಿ ಬಿತ್ತು.

"ನಾಳೆನ ಖೋಲಿ ಬಿಡಸ್ರಿ."

"ಪಾಠ ನಡದದ," ಎಂದರು ಮಾವ.

ನಮ್ಮ ಮನೆತನದಲ್ಲಿ ಹಿಡಿದ ಪಾಠ ಮುಗಿಯುವವರೆಗೆ ಪಾಠ ಹೇಳುವವರನ್ನು ಎಬ್ಬಿಸುವಂತಿಲ್ಲ. ಮಾವ ಸಂಸ್ಕೃತ ಶಿಕ್ಷಕರು. ಸರ್ವೇಯರರು ಪಾದ್ರಿಯಾಗಲು ಓದಿ ಅರ್ಧಕ್ಕೆ ಬಿಟ್ಟವರು, ಲ್ಯಾಟಿನ್ ಬಲ್ಲವರು. ಇಬ್ಬರೂ 'ಕೊಡು' ಎಂಬ ಒಂದೇ ಕ್ರಿಯಾಪದ ಹಿಡಿದು ಕೂತಿದ್ದರು. ಬೆಳಿಗ್ಗೆ ಕಟ್ಟೆಯ ಮೇಲೆ ಸರ್ವೇಯರರು "ದೋ, ದಾಸ್, ದತ್" ಎನ್ನುವರು. ಮಾವ "ದದಾಮಿ, ದದಾಸಿ, ದದಾತಿ" ಎಂದು ತಲೆದೂಗುವರು. ನಾನು ಅವಲಕ್ಕಿಗೆ ಒಗ್ಗರಣೆ ಹಾಕುವಷ್ಟರಲ್ಲಿ ಸರ್ವೇಯರರು ಸೈಕಲ್ ಹತ್ತುತ್ತಿದ್ದರು.

ಅತ್ತೆಯವರು ಕೇಳಿದಾಗಲೆಲ್ಲ ಏನಾದರೊಂದು ಬಾಕಿ ಇರುತ್ತಿತ್ತು. ಭೂತಕಾಲ ಉಳಿದಿದೆ, ಭವಿಷ್ಯತ್ಕಾಲ ಉಳಿದಿದೆ. ಲ್ಯಾಟಿನ್ ತೀರಿದ ಮೇಲೆ ಅದರ ಮಕ್ಕಳು ಬಂದರು: ಪೋರ್ಚುಗೀಸಿನ "ದೊ, ದಾಶ್, ದಾ", ಸ್ಪ್ಯಾನಿಷಿನ "ದೊಯ್, ದಾಸ್, ದಾ", ಇಟಾಲಿಯನ್ನಿನ "ದೋ, ದಾಯ್, ದಾ".

"ಬರೇ ಕೊಡು ಅನ್ನೋದು ಕಲೀಲಿಕ್ಕೆ ಒಂದೂವರಿ ವರ್ಷ ಏನ್ರಿ?" ಎಂದರು ಅತ್ತೆ. "ಹುಟ್ಟಿದಾಗಿನಿಂದ ಯಾರಿಗೂ ಏನೂ ಕೊಟ್ಟವರಲ್ಲ, ಅದಕ್ಕ ತ್ರಾಸ ಆಗೇದ."

"ಫ್ರೆಂಚ್ ಉಳದದ," ಎಂದರು ಮಾವ.

ಆದರೆ ಫ್ರೆಂಚರು ಈ ಕ್ರಿಯಾಪದವನ್ನೇ ಬಿಟ್ಟುಬಿಟ್ಟಿದ್ದಾರಂತೆ. ಕೊಡುವುದಕ್ಕೆ ಬೇರೆಯದನ್ನು ಇಟ್ಟುಕೊಂಡಿದ್ದಾರಂತೆ. ಇದು ಮಾವನವರಿಗೆ ಗೊತ್ತಾದ ದಿನ ಅವರು ಎರಡನೆಯ ಸಲ ಅನ್ನ ಹಾಕಿಸಿಕೊಳ್ಳಲಿಲ್ಲ.

ಎಂಟು ದಿನದ ಮೇಲೆ, ಮಾವ ಪಾಠ ಹೇಳಲು ಸಾಲಿಗೆ ಹೋದಾಗ, ಅತ್ತೆ ಸರ್ವೇಯರರನ್ನೇ ಕೇಳಿದರು.

"ನಿಮ್ಮ ಪಾಠ ಎಲ್ಲಿಗೆ ಬಂತ್ರಿ?"

ಅವರಿಗೆ ಸುಳ್ಳು ಬರುತ್ತಿರಲಿಲ್ಲ. "ಮುಗದ ವಾರ ಆತ್ರಿ, ಬಾಯಾರ. ಟ್ರಂಕು ಕಟ್ಟೇನಿ."

"ಎಲ್ಲಿಗೆ ಹೋಗಾವರು?"

ಅವರು ಟ್ರಂಕಿನ ಹಗ್ಗ ಮತ್ತೊಮ್ಮೆ ಬಿಗಿದರು. ಅತ್ತೆ ಟ್ರಂಕನ್ನು ನೋಡಿದರು.

"ಆ ಡಬ್ಬಿ ನಿಮ್ಮ ಆಫೀಸಿನ್ಯಾಗ ಇಟ್ಟು ಬರ್ರಿ. ಟ್ರಂಕು ಇಲ್ಲೇ ಇರಲಿ."

ಸಂಜೆ ಮಾವ ಬಂದವರೇ, ಚಪ್ಪಲಿ ಸಹ ಬಿಡದೆ, ನಾಳೆಯಿಂದ 'ಬಾ' ಎಂಬ ಕ್ರಿಯಾಪದ ಸುರುವಾಗುತ್ತದೆ, ಅದು ಬಹಳ ದೊಡ್ಡದು, ಎರಡು ವರ್ಷವಾದರೂ ಬೇಕು ಎಂದರು. ಅತ್ತೆ ನನ್ನ ಕಡೆ ನೋಡಿದರು.

"ಆಗಲಿ ಬಿಡ್ರಿ," ಎಂದು ಅವರು ಹಾಲು ನೋಡಲು ಒಳಗೆ ಹೋದರು.